ಎಲೆ ಅಡಿಕೆಯ ಕೆಂಪು: ಗೆಳೆಯನಿಗೊಂದು ಪತ್ರ

ಲೋ ಸತೀಶ,

ಹೋದ ವಾರ ಫೋನಲ್ಲಿ ನಮ್ಮ ವಾದ ಅರ್ಧಕ್ಕೇ ನಿಂತೋಯ್ತಲ್ಲ, ಆಪರೇಷನ್ ಥಿಯೇಟರಿಂದ ಕರೆ ಬಂತು ಅಂತ ನೀನು ಇಟ್ಬಿಟ್ಟೆ, ಅದು ನನ್ನ ತಲೆಯಿಂದ ಹೋಗ್ತಾನೇ ಇಲ್ಲ ಮಾರಾಯ, ಅದಕ್ಕೇ ಬರೀತಿದೀನಿ. ನೀನು ಅಂದಿದ್ದು ಇಷ್ಟು: ಅನಸ್ತೇಶಿಯಾ ಡಾಕ್ಟರಾಗಿ ದಿನಾ ನಾಲ್ಕೈದು ಜನರ ಪ್ರಜ್ಞೆ ನಾನೇ ತೆಗೀತೀನಿ, ನಾನೇ ವಾಪಸ್ ತರ್ತೀನಿ, ಔಷಧಿ ಏರಿದ್ರೆ ಹೋಗಿ ಇಳಿದ್ರೆ ಬರೋದು ಮಿದುಳಿನ ಕೆಲಸ ಅಲ್ದೆ ಇನ್ನೇನು?

ಇದನ್ನ ಸುಮ್ನೆ ತಳ್ಳಿಹಾಕೋಕೆ ನಂಗಾಗಲ್ಲ. ನನ್ನ ಪಿತ್ತಕೋಶದ ಆಪರೇಷನ್ ದಿನ ಪ್ರಜ್ಞೆ ತಪ್ಪಿಸೋ ಔಷಧಿ, ಹಾಲಿನ ಹಾಗಿರೋ ಆ ಪ್ರೊಪೋಫಾಲ್, ಕೈಯಲ್ಲಿ ಉರಿ ಉರಿ ಅಂತ ಏರ್ತು, ಎಣಿಸಿ ಅಂದ್ರು, ನಾಲ್ಕು ಅಂದಿದ್ದು ನೆನಪಿದೆ, ಐದು ಅನ್ನೋದ್ರೊಳಗೆ ಯಾರೋ ಕೆನ್ನೆ ತಟ್ಟಿ "ಮುಗೀತು, ಕಣ್ ಬಿಡಿ" ಅಂತಿದಾರೆ. ನಿದ್ದೆಯಿಂದ ಎದ್ರೆ ಇಷ್ಟು ಹೊತ್ತು ಮಲಗಿದ್ದೆ ಅನ್ನೋ ಅಂದಾಜಾದ್ರೂ ಇರುತ್ತೆ, ಇಲ್ಲಿ ಅದೂ ಇಲ್ಲ. ದೇಹ ಬಿಟ್ಟು ಬೇರೆಯಾಗಿ ಇರೋ ಚೈತನ್ಯ ಒಂದಿದ್ರೆ ಆಗ ಅದು ಎಲ್ಲಿತ್ತು ಅಂತ ನಾನೂ ಕೇಳ್ಕೊಂಡಿದೀನಿ.

ಆದ್ರೆ ನಿನ್ನ ವಾದ ತುಂಬಾ ಹಳೇದು ಕಣೋ, ದೇಹ ಬಿಟ್ಟು ಆತ್ಮ ಇಲ್ಲ ಅಂತಿದ್ದ ಚಾರ್ವಾಕರದ್ದು. ಶಂಕರಾಚಾರ್ಯರ ಹೆಸರಲ್ಲಿರೋ, ಬೇರೆ ಬೇರೆ ಮತಗಳನ್ನ ಒಟ್ಟಿಗೆ ಹೇಳೋ ಸರ್ವಸಿದ್ಧಾಂತಸಂಗ್ರಹದಲ್ಲಿ ಅವರ ಮಾತು ಬರುತ್ತೆ: ಎಲೆ, ಅಡಿಕೆ, ಸುಣ್ಣ ಕೂಡಿದಾಗ ಕೆಂಪು ಹುಟ್ಟೋ ಹಾಗೆ ಮಣ್ಣು, ನೀರಿನಂಥ ಜಡಭೂತಗಳು ಕೂಡಿದಾಗ ಚೈತನ್ಯ ಹುಟ್ಟುತ್ತೆ. ಓದಿದ ಕೂಡ್ಲೇ ತೀರ್ಥಹಳ್ಳಿ ಮನೆ ಜಗಲಿ ಕಣ್ಮುಂದೆ ಬಂತು. ಅಜ್ಜಿಗೆ ಹಲ್ಲಿರಲಿಲ್ಲ, ಕುಟ್ಟಾಣೀಲಿ ಟಕ್ ಟಕ್ ಅಂತ ಕುಟ್ಟಿ, ಬೆರಳಲ್ಲಿ ಉಳಿದ ಸುಣ್ಣ ಕಂಬಕ್ಕೆ ಒರೆಸಿ, ಬಾಯಿಗೆ ಹಾಕ್ಕೊಂಡು ಸ್ವಲ್ಪ ಹೊತ್ತಾದ್ಮೇಲೆ ನಾಲಿಗೆ ಚಾಚಿ "ಕೆಂಪಾಯ್ತಾ ನೋಡೋ" ಅಂತ ನನ್ನ ಕೇಳ್ತಿದ್ಲು. ಹಸಿರೆಲೆ, ಕಂದು ಅಡಿಕೆ, ಬಿಳಿ ಸುಣ್ಣ, ಮೂರರಲ್ಲೂ ಇಲ್ಲದ ಬಣ್ಣ! ಇವತ್ತು ಕಾರಣ ಗೊತ್ತಿದೆ, ಅಡಿಕೆಯ ಟ್ಯಾನಿನ್ ಥರದ ಒಗರಿನ ಅಂಶಗಳು ಸುಣ್ಣದ ಕ್ಷಾರಕ್ಕೆ ಸಿಕ್ಕಿ ಕೆಂಪಾಗ್ತವೆ.

ಸರಿ, ಆ ರಸ ಯಾವ ಬೆಳಕು ಹೀರುತ್ತೆ, ಯಾವುದನ್ನ ವಾಪಸ್ ಕಳಿಸುತ್ತೆ, ಅದು ಕಣ್ಣಲ್ಲಿ ಬಣ್ಣ ಹಿಡಿಯೋ ಕೋನ್ ಕೋಶಗಳಿಗೆ ಬಿದ್ದು ನರದಲ್ಲಿ ಹೇಗೆ ಓಡುತ್ತೆ, ಎಲ್ಲಾ ಹೇಳಬಹುದು, ಅದು ಕೆಂಪಾಗಿ ಕಾಣೋದು ಯಾಕೆ ಅನ್ನೋದು ಮಾತ್ರ ಆ ಲೆಕ್ಕದಲ್ಲಿ ಎಲ್ಲೂ ಬರಲ್ಲ. ಅರಿವು ಹೇಗೆ ಹುಟ್ಟುತ್ತೆ ಅಂದ್ರೆ ಚಾರ್ವಾಕರು ಕೆಂಪಿನ ಥರ ಅಂತಾರೆ, ಆ ಕೆಂಪನ್ನ ನೋಡೋಕೆ ಜಗಲಿ ಮೇಲೆ ಒಬ್ಬ ಹುಡುಗ ಮೊದಲೇ ಕೂತಿದಾನಲ್ಲೋ!

ನಾಲಿಗೆ ಬಣ್ಣ ಅಜ್ಜಿಗಿಂತ ನಂಗೇ ಚೆನ್ನಾಗಿ ಕಾಣ್ತಿತ್ತು, ಬಾಯೊಳಗಿನ ಒಗರು, ಆ ಬಿಸಿ ಅವಳಿಗಷ್ಟೇ. ಬ್ರಹ್ಮಸೂತ್ರಭಾಷ್ಯದಲ್ಲಿ ಶಂಕರರು ಹಿಡಿಯೋದೂ ಇದನ್ನೇ, ದೇಹದ ರೂಪ ಬೇರೆಯವರಿಗೂ ಕಾಣುತ್ತೆ, ಅರಿವು, ನೆನಪು ಕಾಣಲ್ಲ, ಅದನ್ನ ದೇಹದ ಗುಣ ಅನ್ನೋದು ಹೇಗೆ ಅಂತ. ನಿನ್ನ ಅನಸ್ತೇಶಿಯಾಕ್ಕೂ ಅಲ್ಲೇ ಉತ್ತರ ಇದೆ: ದೀಪ ಇದ್ರೆ ಕಾಣುತ್ತೆ, ಆರಿದ್ರೆ ಕಾಣಲ್ಲ, ಹಾಗಂತ ನೋಡೋದು ದೀಪದ ಗುಣ ಆಯ್ತಾ? ಇದರಿಂದ ಆತ್ಮ ಸಾಬೀತಾಯ್ತು ಅನ್ನೋಷ್ಟು ದೂರ ನಾನು ಹೋಗಲ್ಲ, ಆದ್ರೆ ಮಿದುಳಿಲ್ದೆ ಅರಿವಿಲ್ಲ ಅನ್ನೋದು ಒಂದು, ಮಿದುಳಿಂದ ಅರಿವು ಹೇಗಾಯ್ತು ಅಂತ ತೋರಿಸೋದು ಇನ್ನೊಂದು.

1998ರಲ್ಲಿ ಕ್ರಿಸ್ಟಾಫ್ ಕೋಖ್ ಅನ್ನೋ ನರವಿಜ್ಞಾನಿ ತತ್ವಶಾಸ್ತ್ರದ ಡೇವಿಡ್ ಚಾಲ್ಮರ್ಸ್ ಜೊತೆ ಬಾಜಿ ಕಟ್ಟಿದ್ರು, 25 ವರ್ಷದೊಳಗೆ ಅರಿವಿನ ಜೊತೆ ಮಿದುಳಲ್ಲಿ ನಡೆಯೋ ಚಟುವಟಿಕೆ ಯಾವುದು ಅಂತ ಸ್ಪಷ್ಟವಾಗಿ ಸಿಗುತ್ತೆ ಅಂತ. 2023ರಲ್ಲಿ ನ್ಯೂಯಾರ್ಕಲ್ಲಿ ಸೋಲು ಒಪ್ಕೊಂಡು ವೈನ್ ಕೊಟ್ರು. ನನ್ನ ಪ್ರಕಾರ ಕೋಖ್ ಗೆದ್ದಿದ್ರೂ ಸಿಗ್ತಿದ್ದಿದ್ದು ದೀಪ ಎಲ್ಲಿದೆ ಅನ್ನೋದಷ್ಟೇ. ನೀನು ಆಗ್ಲೇ ಶುರು ಮಾಡಿರ್ತೀಯ, ಜೀವ ಅಂದ್ರೇನು ಅನ್ನೋದೂ ಹೀಗೇ ಒಗಟಾಗಿತ್ತು, 1953ರಲ್ಲಿ ಡಿಎನ್‌ಎ ರಚನೆ ಗೊತ್ತಾದ್ಮೇಲೆ ಬಿಡಿಸ್ತಾ ಬಂತಲ್ಲ ಅಂತ. ಒಳ್ಳೆ ಮಾತೇ. ಆದ್ರೆ ಬೆಳೆಯೋದು, ಮರಿ ಹಾಕೋದು, ಗಾಯ ಮಾಯೋದು ಎಲ್ಲಾ ಹೊರಗಿಂದ ಕಾಣೋ ಕೆಲಸ. ಅಜ್ಜಿ ಬಾಯಿನ ಒಗರು ಹಾಗಲ್ಲ.

ಈಗ ನಿನ್ನನ್ನೇ ಒಂದು ಕೇಳ್ಬೇಕು. ಪೇಷಂಟ್ ಹಣೆಗೆ ಪಟ್ಟಿ ಅಂಟಿಸಿ ಮಾನಿಟರಲ್ಲಿ ಎಚ್ಚರ ಎಷ್ಟಿದೆ ಅನ್ನೋ ನಂಬರ್ ನೋಡ್ತೀರಲ್ಲ, 40ರಿಂದ 60ರೊಳಗೆ ಇದ್ರೆ ಸರಿ ಅಂತ ನೀನೇ ಹೇಳಿದ್ದೆ. ಮೈ ಅಲ್ಲಾಡದ ಹಾಗೆ ಔಷಧಿ ಕೊಟ್ಟಿರ್ತೀರ. ಅಪರೂಪಕ್ಕೆ ಒಬ್ಬೊಬ್ರಿಗೆ ಒಳಗೊಳಗೇ ಎಚ್ಚರ ಇತ್ತು ಅಂತ ಆಮೇಲೆ ಗೊತ್ತಾಗುತ್ತೆ ಅಂತಲೂ ನೀನೇ ಹೇಳಿದ್ದು. ಹೇಗೆ ಗೊತ್ತಾಗುತ್ತೆ ಸತೀಶ? ಅವರೇ ಹೇಳಿದ್ರೆ ತಾನೆ? ಮುಂದೆ ನಂಬರ್ ಇದ್ರೂ ಕೊನೆಗೆ ಆ ಮನುಷ್ಯನನ್ನ ಕೇಳ್ಲೇಬೇಕಲ್ಲ. ರಾತ್ರಿ ಎರಡು ಗಂಟೆಗೆ ಆ ನಂಬರ್ ನೋಡ್ತಾ ಕೂತಿರುವಾಗ ಎದುರಿಗೆ ಮಲಗಿರೋರ ಬಗ್ಗೆ ನಿಂಗೆ ಏನನ್ಸುತ್ತೆ? ಡ್ಯೂಟಿ ಮುಗಿದ್ಮೇಲೆ ಬರಿ, ಫೋನಲ್ಲಿ ಬೇಡ.

ನಿನ್ನ,
ರಘು