ಸ್ಟೆಮ್ ಸೆಲ್ ಮೆಸೇಜ್ ಮತ್ತು ಭಾನುವಾರದ ಕ್ಯಾಂಪ್

ಎಲ್ಲರಿಗೂ ನಮಸ್ಕಾರ. 'ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಎಚ್‌ಐವಿ ಮಾಯ' ಅನ್ನುವ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ. 2007ರಲ್ಲಿ ಬರ್ಲಿನ್‌ನಲ್ಲಿ ಎಚ್‌ಐವಿ ಇದ್ದ ಟಿಮೊಥಿ ರೇ ಬ್ರೌನ್ ಅವರಿಗೆ ಸ್ಟೆಮ್ ಸೆಲ್ (ರಕ್ತಕಣ ಹುಟ್ಟಿಸುವ ಮೂಲಕೋಶ) ಕಸಿ ಮಾಡಿದ್ದು ರಕ್ತದ ಕ್ಯಾನ್ಸರ್‌ಗೆ. ದಾನಿಯ ರಕ್ತಕಣಗಳಲ್ಲಿ ವೈರಸ್ ಒಳಗೆ ನುಗ್ಗುವ ಸಿಸಿಆರ್5 ಬಾಗಿಲೇ ಕೆಟ್ಟಿತ್ತು, ಹಾಗಾಗಿ ಎಚ್‌ಐವಿಯೂ ಹೋಯಿತು. ಅಂಥ ದಾನಿ ಸಿಗುವುದು ಅಪರೂಪ, ಕಸಿಯಲ್ಲಿ ಜೀವಕ್ಕೇ ಅಪಾಯವಿದೆ, ಇಂಜೆಕ್ಷನ್‌ನಷ್ಟು ಸುಲಭ ಅಲ್ಲವೇ ಅಲ್ಲ. ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ) ಮಾತ್ರೆ ತೆಗೆದುಕೊಳ್ಳುವವರು ಆ ಮೆಸೇಜ್ ನಂಬಿ ನಿಲ್ಲಿಸಬಾರದು. ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಅದು ಉಚಿತ.

ಭಾನುವಾರ ಬೆಳಿಗ್ಗೆ 10ಕ್ಕೆ ಗೋಣಿಕೊಪ್ಪದಲ್ಲಿ ನಮ್ಮ ರಕ್ತದಾನ ಕ್ಯಾಂಪ್. ಡಾಕ್ಟರ್ ಇರುತ್ತಾರೆ, ಡೌಟ್ ಇದ್ದರೆ ಅಲ್ಲೇ ಕೇಳಿ. ತಿಂಡಿ ತಿಂದೇ ಬನ್ನಿ. ನಾಪೋಕ್ಲು ಕಡೆಯವರಿಗೆ ಜೀಪ್ ಬೇಕಾದರೆ ಶುಕ್ರವಾರದೊಳಗೆ ತಿಳಿಸಿ. ಬರುವವರು ಹೆಸರು ಹಾಕಿ, ಬರೀ ಹೆಬ್ಬೆರಳು ತೋರಿಸಿದರೆ ಲೆಕ್ಕ ಸಿಗಲ್ಲ!