ನೀವು ಕಳಿಸಿದ ಪಿಲಾತನ ಕಾಸು ನಕಲಿ: ಹಣ ವಾಪಸ್ ಕೋರಿ ದೂರು

ಗೆ,
ಗ್ರಾಹಕ ಸೇವಾ ವಿಭಾಗ,
ಹಳೇ ನಾಣ್ಯಗಳ ಆನ್‌ಲೈನ್ ಮಳಿಗೆ

ಮಾನ್ಯರೇ,

ಕಳೆದ ತಿಂಗಳು ನಿಮ್ಮಲ್ಲಿ 6,800 ರೂಪಾಯಿ ಕೊಟ್ಟು ಕಂಚಿನ ಪ್ರೂಟಾ ಒಂದನ್ನು ಕೊಂಡೆ. ರೋಮನ್ನರ ಆಳ್ವಿಕೆಯ ಯೂದಾಯದಲ್ಲಿ (ಜೆರುಸಲೇಮ್ ಇರುವ ಸೀಮೆ) ರಾಜ್ಯಪಾಲನಾಗಿದ್ದ ಪೊಂತ್ಯ ಪಿಲಾತ ಹೊರಡಿಸಿದ ಚಿಲ್ಲರೆ ಕಾಸು ಅದು. ನನಗೆ ಬಂದದ್ದು ನಕಲಿ.

ಮೊದಲು ನಾಣ್ಯದ ಜೊತೆ ನೀವು ಕಳಿಸಿದ ವಿವರದ ಚೀಟಿಯ ಮಾತು. ನಾಣ್ಯದ ಮೇಲೆ ಮಾಲೆಯೊಳಗೆ ಮೂರು ಗುರುತುಗಳಿವೆ. ಮೊದಲನೆಯದು ‘ವರ್ಷ’ ಎನ್ನುವುದಕ್ಕೆ. ಉಳಿದೆರಡು ಗ್ರೀಕ್ ಲೆಕ್ಕದಲ್ಲಿ 10 ಮತ್ತು 7. ಅಂದರೆ ರೋಮಿನ ಚಕ್ರವರ್ತಿ ತಿಬೇರಿಯಸ್ ಪಟ್ಟಕ್ಕೆ ಬಂದ 17ನೇ ವರ್ಷ, ಸುಮಾರು ಕ್ರಿ.ಶ. 30. ನೀವು ಬರೆದದ್ದು ‘ಕ್ರಿ.ಶ. 17’. ಪಿಲಾತ ಯೂದಾಯಕ್ಕೆ ಕಾಲಿಟ್ಟದ್ದೇ 26ರಲ್ಲಿ! ಇನ್ನೊಂದು ಬದಿಯಲ್ಲಿರುವುದು ರೋಮಿನ ಶಕುನ ನೋಡುವ ಪುರೋಹಿತರ ಕೊಕ್ಕೆಕೋಲು. ನಿಮಗೆ ಅದು ‘ಕುರುಬನ ಕೋಲು’. ಹೋಗಲಿ, ಚೀಟಿ ಬರೆದವರ ತಪ್ಪು ಅಂದುಕೊಂಡೆ.

ಆದರೆ ನಾಣ್ಯದ ಅಂಚಿನ ನಟ್ಟನಡುವೆ ಸುತ್ತಲೂ ಒಂದು ಗೆರೆ ಇದೆ, ಎರಡು ಅರ್ಧ ಅಚ್ಚು ಸೇರಿಸಿ ಇಡೀ ನಾಣ್ಯವನ್ನೇ ಎರಕ ಹೊಯ್ದರೆ ಬೀಳುವಂಥದ್ದು. ಫೋನ್ ಮಾಡಿದರೆ ನಿಮ್ಮವರು, “ಆಗ ಎರಕ ಹೊಯ್ಯುತ್ತಿದ್ದರು ಸರ್, ಗೆರೆ ಇದ್ದೇ ಇರುತ್ತೆ” ಅಂದರು. ಅರ್ಧ ನಿಜ. ಎರಕ ಹೊಯ್ಯುತ್ತಿದ್ದದ್ದು ಬರೀ ಬಿಲ್ಲೆಗಳನ್ನು, ಮೆತುಕಲ್ಲಿನ ಅಚ್ಚಿನಲ್ಲಿ, ಒಂದಕ್ಕೊಂದು ಅಂಟಿದ ಸಾಲಾಗಿ. ಚಿತ್ರ ಮೂಡುತ್ತಿದ್ದದ್ದು ಮುದ್ರೆ ಇಟ್ಟು ಹೊಡೆದ ಸುತ್ತಿಗೆ ಏಟಿನಿಂದ. ಸಾಲಿನಿಂದ ಕತ್ತರಿಸಿದ ಮೊಂಡು ಮೂತಿ ಎಷ್ಟೋ ಅಸಲಿ ಪ್ರೂಟಾಗಳಲ್ಲಿ ಇಂದಿಗೂ ಕಾಣುತ್ತದೆ. ನನ್ನದು ಅಂಗಿ ಗುಂಡಿಯ ಹಾಗೆ ದುಂಡಗಿದೆ. ಅಕ್ಷರಗಳು ನೆಂದ ಸೋಪಿನ ಹಾಗೆ ಕರಗಿವೆ.

ನನ್ನ ಗೆಳೆಯರೂ ನಿಮ್ಮಲ್ಲೇ ಒಂದು ಕೊಂಡಿದ್ದರು. ಅಕ್ಕಪಕ್ಕ ಇಟ್ಟು ನೋಡಿದೆವು. ಒಂದೇ ಮುದ್ರೆಯ ಎರಡು ನಾಣ್ಯ ಸಿಗಬಹುದು, ಒಪ್ಪುತ್ತೇನೆ. ಆದರೆ ಕೋಲಿನ ಕೆಳಗೆ ಅದೇ ಗೀರು, ಅಂಚಿನಲ್ಲಿ ಅದೇ ಚೂರು ಮುರಿದದ್ದು, ಎರಡರಲ್ಲೂ? ಎರಡು ಸಾವಿರ ವರ್ಷ ಒಂದೇ ಚೀಲದಲ್ಲಿದ್ದರೂ ಹಾಗಾಗುವುದಿಲ್ಲ ಅಲ್ವಾ?

ಇದೇನು ಚಿನ್ನದ ನಾಣ್ಯವಲ್ಲ. ಸಂತೆಯಲ್ಲಿ ಓಡಾಡಿದ ಪುಡಿಕಾಸು. ಅಸಲಿಯೇ ಬೇಕಾದಷ್ಟು ಸಿಗುತ್ತವೆ. ಸವೆದು ಚಿತ್ರ ಕಾಣದ್ದೊಂದನ್ನು ಕೊಟ್ಟಿದ್ದರೂ ಖುಷಿಯಿಂದ ಇಟ್ಟುಕೊಳ್ಳುತ್ತಿದ್ದೆ. ಯಾರದೋ ಕೈಯಿಂದ ಸವೆದದ್ದು ತಾನೇ.

15 ದಿನದೊಳಗೆ ಪೂರ್ತಿ ಹಣ ಮತ್ತು ವಾಪಸ್ ಕಳಿಸುವ ಕೊರಿಯರ್ ಖರ್ಚು ಕೊಡಿ. ‘ಅಸಲಿ’ ಎಂದು ಹಾಕಿರುವ ಆ ಜಾಹೀರಾತನ್ನು ತೆಗೆಯಿರಿ. ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುತ್ತೇನೆ. ‘ಕೂಪನ್ ಕೊಡ್ತೀವಿ’ ಅನ್ನಬೇಡಿ, ಬೇಡ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ಲು, ನಿಮ್ಮ ಚೀಟಿ, ಎರಡೂ ನಾಣ್ಯಗಳ ಅಂಚಿನ ಫೋಟೊ