ಅಬಾರ್ಟ್ ಆದ (ಮಧ್ಯದಲ್ಲೇ ರದ್ದಾದ) ಕಮಾಂಡ್‌ಗಳನ್ನು ನಿಮ್ಮ ಡ್ರೈವರ್ ಸರಿಯಾಗಿ ನಿಭಾಯಿಸದ ಬಗ್ಗೆ ದೂರು

ಇಂದ:
ಕಂಪ್ಯೂಟರ್ ವಿಭಾಗ, ಸಕ್ಕರೆ ಕಾರ್ಖಾನೆ,
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ

ಇವರಿಗೆ:
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಬೆಂಗಳೂರು

ವಿಷಯ: ನಿಮ್ಮ ಸ್ಟೋರೇಜ್ ಕಂಟ್ರೋಲರ್ ಕಾರ್ಡಿನ (ಸರ್ವರ್‌ಗೆ ಡಿಸ್ಕ್‌ಗಳನ್ನು ಜೋಡಿಸುವ ಕಾರ್ಡ್) ಲಿನಕ್ಸ್ ಡ್ರೈವರ್‌ನಲ್ಲಿರುವ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ದೋಷ

ಮಾನ್ಯರೇ,

ನಿಮ್ಮ ಸಪೋರ್ಟ್‌ನವರು ಈ ಸಲವೂ "ಡಿಸ್ಕ್ ಬದಲಾಯಿಸಿ" ಅಂತಲೇ ಉತ್ತರ ಕಳಿಸಿದ್ದಾರೆ. ಬದಲಾಯಿಸಿ ನೋಡಿದ್ದಾಯಿತು. ಮುಖ್ಯ ತೊಂದರೆ ಇರುವುದು ನಿಮ್ಮ ಡ್ರೈವರ್‌ನಲ್ಲಿ. ದಯವಿಟ್ಟು ಈ ಪತ್ರವನ್ನು ಡ್ರೈವರ್ ಬರೆಯುವವರ ಕೈಗೆ ಮುಟ್ಟಿಸಿ. ಫೋನ್ ಎತ್ತುವ ಹುಡುಗರ ಮೇಲೆ ನಮಗೇನೂ ಸಿಟ್ಟಿಲ್ಲ.

ನಮ್ಮ ವೇಬ್ರಿಜ್‌ನ ತೂಕದ ಲೆಕ್ಕವೆಲ್ಲ ಇರುವುದು ಈ ಸರ್ವರ್‌ನಲ್ಲೇ. ನಿಮ್ಮ ಕಾರ್ಡಿಗೆ ಸಾಟಾ ಡಿಸ್ಕ್‌ಗಳನ್ನು ಹಾಕಿ, ಲಿನಕ್ಸ್‌ನ ಸಾಫ್ಟ್‌ವೇರ್ ರೈಡ್ 5 ಮಾಡಿಕೊಂಡಿದ್ದೇವೆ, ಅಂದರೆ ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವ ಜೋಡಣೆ. ಕಬ್ಬು ನುರಿಸುವ ಹಂಗಾಮು ಜೋರಾಗಿದ್ದಾಗ ಒಂದು ಡಿಸ್ಕ್ ರೈಡ್‌ನಿಂದ ಹೊರಗೆ ಬಿತ್ತು. ಅದರ ಡೇಟಾವನ್ನು ಮತ್ತೆ ಕಟ್ಟುವ ರೀಬಿಲ್ಡ್ ನಡೆಯುತ್ತಿರುವಾಗಲೇ ಇನ್ನೊಂದೂ ಬಿತ್ತು. ಫೈಲ್ ಸಿಸ್ಟಮ್ ರೀಡ್ ಓನ್ಲಿ ಆಯಿತು (ಹೊಸದೇನೂ ಬರೆಯಲಾಗದಂತಾಯಿತು), ತೂಕದ ಚೀಟಿ ನಿಂತಿತು. ಗೇಟಿನ ಹೊರಗೆ ಟ್ರ್ಯಾಕ್ಟರ್‌ಗಳ ಸಾಲು. ಕಡಿದ ಕಬ್ಬು ನಿಂತಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ, ಆ ನಷ್ಟ ರೈತರದ್ದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಬಂದ 14 ದಿನದೊಳಗೆ ದುಡ್ಡು ಕೊಡಬೇಕು. ತೂಕದ ಲೆಕ್ಕವೇ ಇಲ್ಲದಿದ್ದರೆ ಬಿಲ್ ಎಲ್ಲಿಂದ ಮಾಡುವುದು?

ಈಗ ಲಾಗ್ ಏನು ಹೇಳುತ್ತದೆ ನೋಡಿ. ಎನ್‌ಸಿಕ್ಯೂ (ಕಮಾಂಡ್‌ಗಳನ್ನು ಸಾಲಿನಲ್ಲಿಟ್ಟು ನಡೆಸುವ ಸೌಲಭ್ಯ) ಇರುವ ಸಾಟಾ ಡಿಸ್ಕ್ ಒಂದೇ ಸಲಕ್ಕೆ 32 ಕಮಾಂಡ್‌ಗಳವರೆಗೆ ಇಟ್ಟುಕೊಳ್ಳುತ್ತದೆ. ಅದರಲ್ಲಿ ಒಂದು ಕೆಟ್ಟ ಸೆಕ್ಟರ್‌ಗೆ ಸಿಕ್ಕಿಕೊಂಡರೂ ಸಾಕು, ಡಿಸ್ಕ್ ತನ್ನ ಬಳಿ ಇರುವ ಎಲ್ಲವನ್ನೂ ಅಬಾರ್ಟ್ ಮಾಡುತ್ತದೆ. ಸಾಟಾ ನಿಯಮವೇ ಹಾಗಿದೆ. ಡ್ರೈವರ್‌ನ ಕೆಲಸ ಶುರುವಾಗುವುದು ಅಲ್ಲಿಂದ. ಡಿಸ್ಕ್ ತನ್ನ ಎರರ್ ವಿವರ ಬರೆದಿಡುವ 10ಎಚ್ ಲಾಗ್ ಓದಬೇಕು. ನಿಜವಾಗಿ ಕೆಟ್ಟಿದ್ದು ಯಾವ ಟ್ಯಾಗ್ (ಕಮಾಂಡ್‌ನ ಗುರುತಿನ ಸಂಖ್ಯೆ) ಅಂತ ತಿಳಿದುಕೊಳ್ಳಬೇಕು. ಅದೊಂದಕ್ಕೆ ಮಾತ್ರ ಎರರ್ ಕೊಟ್ಟು ಉಳಿದವನ್ನು ಮತ್ತೆ ಡಿಸ್ಕಿಗೆ ಕಳಿಸಬೇಕು. ನಿಮ್ಮ ಡ್ರೈವರ್ ಎಲ್ಲಕ್ಕೂ ಎರರ್ ಹಾಕಿ ಮೇಲಕ್ಕೆ, ಅಂದರೆ ಲಿನಕ್ಸ್‌ಗೆ, ಕಳಿಸುತ್ತಿದೆ. ವೇಬ್ರಿಜ್ ಮುಂದೆ ಒಂದು ಟ್ರ್ಯಾಕ್ಟರ್ ಪಂಕ್ಚರ್ ಆದರೆ ಹಿಂದಿರುವ ಎಲ್ಲ ಗಾಡಿಗಳೂ ಕೆಟ್ಟಿವೆ ಅಂತ ನಾವು ಬರೆದುಕೊಳ್ಳುವುದಿಲ್ಲ ಅಲ್ವಾ?

ಇದರಿಂದ ಆಗುವ ಅನಾಹುತ ಸಣ್ಣದಲ್ಲ. ಓದುವಾಗ ಎರರ್ ಬಂದರೆ ಲಿನಕ್ಸ್ ರೈಡ್ ಬೇರೆ ಡಿಸ್ಕ್‌ಗಳಿಂದ ಲೆಕ್ಕ ಹಾಕಿ ಆ ಜಾಗವನ್ನು ಮತ್ತೆ ಬರೆಯುತ್ತದೆ, ಡಿಸ್ಕನ್ನು ಉಳಿಸಿಕೊಳ್ಳುತ್ತದೆ. ಬರೆಯುವಾಗ ಎರರ್ ಬಂದರೆ ಸಾಮಾನ್ಯವಾಗಿ ಡಿಸ್ಕನ್ನೇ ಹೊರಗೆ ಹಾಕುತ್ತದೆ. ನಮ್ಮಲ್ಲಿ ಕೆಟ್ಟಿದ್ದು ಒಂದು ರೀಡ್. ಅದರ ಜೊತೆ ಸುಮ್ನೆ ಬಲಿಯಾಗಿದ್ದು ಪಕ್ಕದ ರೈಟ್ ಕಮಾಂಡ್‌ಗಳು. ಅವಕ್ಕೆ ನೀವು ಕೊಟ್ಟ ಸುಳ್ಳು ಎರರ್ ನಂಬಿ ರೈಡ್ ಡಿಸ್ಕನ್ನು ಕಿತ್ತುಹಾಕಿತು.

ಅದೇ ಡಿಸ್ಕನ್ನು ನಿಮ್ಮ ಕಾರ್ಡ್ ಬಿಟ್ಟು ಮದರ್‌ಬೋರ್ಡಿನದೇ ಎಎಚ್‌ಸಿಐ (ಸಾಟಾ) ಪೋರ್ಟಿಗೆ ಹಾಕಿ ಅದೇ ಸೆಕ್ಟರ್ ಓದಿಸಿದೆವು. ಒಂದೇ ಒಂದು ರೀಡ್ ಎರರ್ ಬಂತು, ಉಳಿದ ಕೆಲಸ ನಿಲ್ಲಲಿಲ್ಲ. ನಿಮ್ಮ ಕಾರ್ಡಿನಲ್ಲೇ ಕ್ಯೂ ಡೆಪ್ತ್ (ಒಂದೇ ಸಲಕ್ಕೆ ಕಳಿಸುವ ಕಮಾಂಡ್‌ಗಳ ಸಂಖ್ಯೆ) 1ಕ್ಕೆ ಇಳಿಸಿದರೂ ಸುಳ್ಳು ಎರರ್ ಬರುವುದಿಲ್ಲ. ಈಗ ಹಾಗೇ ಓಡಿಸುತ್ತಿದ್ದೇವೆ, ಆದರೆ ಸರ್ವರ್ ತುಂಬಾ ನಿಧಾನ. ಇಷ್ಟಾದ ಮೇಲೂ "ನಿಮ್ಮ ಕಡೆ ಕರೆಂಟ್ ಸರಿ ಇರಲ್ಲ" ಅನ್ನುವ ಉತ್ತರ ಬಂದರೆ ಏನು ಹೇಳೋಣ? ಯುಪಿಎಸ್ ಮುಧೋಳದಲ್ಲೂ ಸಿಗುತ್ತದೆ ಸ್ವಾಮಿ.

ಇನ್ನೊಂದು ದೋಷ ಇದಕ್ಕಿಂತ ಅಪಾಯಕಾರಿ. ಕಮಾಂಡ್ 30 ಸೆಕೆಂಡ್‌ನಲ್ಲಿ ಮುಗಿಯದಿದ್ದರೆ ಅದನ್ನು ರದ್ದು ಮಾಡಲು ಲಿನಕ್ಸ್ ನಿಮ್ಮ ಡ್ರೈವರ್‌ನ ಅಬಾರ್ಟ್ ಫಂಕ್ಷನ್ ಕರೆಯುತ್ತದೆ. ಅದು ತಕ್ಷಣ "ಸಕ್ಸೆಸ್" ಅನ್ನುತ್ತದೆ. ಆದರೆ ಅದೇ ಕಮಾಂಡ್ ಮುಗಿಯಿತು ಅಂತ ಕಾರ್ಡ್ ಆಮೇಲೆ ಹೇಳಿರುವುದು ಲಾಗ್‌ನಲ್ಲಿದೆ. ಅಂದರೆ ಕಾರ್ಡ್ ಅದನ್ನು ಬಿಟ್ಟೇ ಇರಲಿಲ್ಲ. ಅಷ್ಟರಲ್ಲಿ ಆ ಕಮಾಂಡ್‌ಗೆ ಕೊಟ್ಟಿದ್ದ ಮೆಮೊರಿ ಬೇರೆ ಯಾವುದೋ ಕೆಲಸಕ್ಕೆ ಹೋಗಿರಬಹುದು. ಅದರ ಮೇಲೆ ಕಾರ್ಡ್ ಹಳೇ ಡೇಟಾ ಸುರಿದರೆ ಯಾರದೋ ತೂಕ ಇನ್ಯಾರದೋ ಹೆಸರಿಗೆ ಬಂದರೂ ಆಶ್ಚರ್ಯವಿಲ್ಲ. ಕಮಾಂಡ್ ಕಾರ್ಡಿನ ಕೈಯಿಂದ ಪೂರ್ತಿ ಬಿಟ್ಟಿದೆ ಅಂತ ಖಾತ್ರಿಯಾದರೆ ಮಾತ್ರ ಸಕ್ಸೆಸ್ ಹೇಳಬೇಕು. ಇಲ್ಲದಿದ್ದರೆ ಫೇಲ್ ಅನ್ನಿ. ಲಿನಕ್ಸ್ ಮೊದಲು ಡಿವೈಸ್ ರೀಸೆಟ್, ಅದಕ್ಕೂ ಬಗ್ಗದಿದ್ದರೆ ಕೊನೆಗೆ ಹೋಸ್ಟ್ ರೀಸೆಟ್‌ವರೆಗೆ (ಇಡೀ ಕಾರ್ಡಿನ ರೀಸೆಟ್) ತಾನೇ ಹೋಗುತ್ತದೆ. ಡಿಸ್ಕ್ ನಿಧಾನ ಅನ್ನುವ ನೆಪವೂ ಇಲ್ಲಿ ನಡೆಯುವುದಿಲ್ಲ. ನಮ್ಮ ಡಿಸ್ಕ್‌ಗಳಲ್ಲಿ ಎರರ್ ರಿಕವರಿ ಮಿತಿ (ಕೆಟ್ಟ ಸೆಕ್ಟರ್ ಓದಲು ಡಿಸ್ಕ್ ಪ್ರಯತ್ನಿಸುವ ಸಮಯ) 7 ಸೆಕೆಂಡ್‌ಗೆ ಇಟ್ಟಿದ್ದೇವೆ.

ಎರಡೂ ದೋಷ ಸರಿಪಡಿಸಿದ ಡ್ರೈವರ್ ಯಾವಾಗ ಕೊಡುತ್ತೀರಿ ಅಂತ ದಿನಾಂಕದ ಸಮೇತ ಬರವಣಿಗೆಯಲ್ಲಿ ತಿಳಿಸಿ. ಆಗದಿದ್ದರೆ ವಾರಂಟಿ ಇರುವಾಗಲೇ ಕಾರ್ಡ್ ವಾಪಸ್ ತೆಗೆದುಕೊಂಡು ಹಣ ಹಿಂತಿರುಗಿಸಿ. ಇನ್ನೊಂದು ಡಿಸ್ಕ್ ಮಾತ್ರ ಕಳಿಸಬೇಡಿ. ಕರ್ನಲ್ ಲಾಗ್, ಎಎಚ್‌ಸಿಐ ಪೋರ್ಟಿನಲ್ಲಿ ಮಾಡಿದ ಪರೀಕ್ಷೆಯ ಲಾಗ್ ಮತ್ತು ಖರೀದಿ ಬಿಲ್ಲಿನ ಪ್ರತಿ ಈ ಪತ್ರದ ಜೊತೆಗಿವೆ. ನಿಮ್ಮ ಎಂಜಿನಿಯರ್ ಬರುವುದಾದರೆ ಹಗಲು ಶಿಫ್ಟ್‌ನಲ್ಲಿ ಬರಲಿ, ಟೆಸ್ಟ್ ಸರ್ವರ್ ಸಿದ್ಧ ಇಟ್ಟಿರುತ್ತೇವೆ.

ಇಂತಿ,
ಕಂಪ್ಯೂಟರ್ ವಿಭಾಗದ ಪರವಾಗಿ,
ಸಿಸ್ಟಮ್ ಅಡ್ಮಿನ್